‘ಕೂತಿತು’ ಎನ್ನುವವರೆಗೆ ಬಣ್ಣವಿಲ್ಲ

ಸೂರ್ಯ ಇನ್ನೂ ಎದುರಿನ ಗೋದಾಮಿನ ಚಾವಣಿ ದಾಟಿಲ್ಲ. ಬಾಡಿ ಶಾಪಿನ ಅಂಗಳದಲ್ಲಿ, ಹಿಂದಿನ ಸಂಜೆ ಎಳೆದು ತಂದು ನಿಲ್ಲಿಸಿದ ಬಿಳಿ ವ್ಯಾನಿನ ಪಕ್ಕ, ಐವತ್ತು ದಾಟಿದ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಎಡಗೈಯಲ್ಲಿ ಟಾರ್ಚು. ಬಲಗೈ ಮೊಣಕೈವರೆಗೂ ವ್ಯಾನಿನ ಹೊಟ್ಟೆಯೊಳಗೆ ಹೋಗಿದೆ. ಕಣ್ಣು ಮಾತ್ರ ಎತ್ತಲೋ ನೆಟ್ಟಿದೆ, ಕತ್ತಲ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲಿಗೆ ಕೈ ಹಾಕಿದವರ ಕಣ್ಣಿನ ಹಾಗೆ. ಬೆರಳು ಏನನ್ನೋ ತಡವುತ್ತದೆ, ನಿಲ್ಲುತ್ತದೆ, ಮತ್ತೆ ಮುಂದಕ್ಕೆ ಸರಿಯುತ್ತದೆ. ಕೈ ಹೊರಗೆ ಬಂದಾಗ ಗ್ರೀಸು ಮೆತ್ತಿದ ಬೆರಳುಗಳ ನಡುವೆ ಮುರಿದ ಪ್ಲಾಸ್ಟಿಕ್ಕಿನ ಪುಟ್ಟ ಗೂಟವೊಂದಿದೆ. ಅದನ್ನು ಬೆಳಕಿಗೆ ಹಿಡಿದು ನೋಡಿ, ಅಂಗಿಯ ಜೇಬಿಗೆ ಇಳಿಸುತ್ತಾರೆ.

“ಈ ಹೊತ್ತಿನ ಬೆಳಕು ಅಡ್ಡಡ್ಡ ಬೀಳುತ್ತೆ ನೋಡಿ. ತಗಡಿನ ಮೈಮೇಲಿರೋ ಒಂದೊಂದು ಅಲೆನೂ ಎದ್ದು ಕಾಣುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಎಲ್ಲಾ ಗಾಡಿಗಳೂ ಚೆನ್ನಾಗೇ ಇರ್ತವೆ,” ಎನ್ನುತ್ತಾ ಮಂಡಿಯ ಮೇಲೆ ಕೈಯೂರಿ ಏಳುತ್ತಾರೆ. ಏಳುವಾಗ ಬಾಯಿಂದ ಸಣ್ಣಗೆ ನರಳಿಕೆ ಬರುತ್ತದೆ. “ಇದಕ್ಕೆ ಮಾತ್ರ ಬದಲಿ ಪಾರ್ಟ್ಸ್ ಸಿಗಲ್ಲ,” ಎಂದು ಮಂಡಿ ತಟ್ಟಿಕೊಂಡು ನಗುತ್ತಾರೆ.

ಊರಂಚಿನ ದೊಡ್ಡ ರಸ್ತೆಗೆ ಬೆನ್ನು ಮಾಡಿ ನಿಂತಿರುವ ಈ ಶೆಡ್ಡಿನಲ್ಲಿ ಮಾಲೀಕರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರಿಗೂ ಅವರು ಪಾರ್ಟ್ಸಕ್ಕ. ಗುದ್ದಿಸಿಕೊಂಡು ಬಂದ ಗಾಡಿಯಲ್ಲಿ ಯಾವುದನ್ನು ಬಡಿದು ಸರಿಮಾಡಬಹುದು, ಯಾವುದನ್ನು ಬದಲಿಸಲೇಬೇಕು, ಬದಲಿಸುವುದಾದರೆ ಯಾವ ವರ್ಷದ ಯಾವ ಮಾದರಿಯ ಬಿಡಿಭಾಗ ಅದಕ್ಕೆ ಹೊಂದುತ್ತದೆ, ಅದು ಎಲ್ಲಿ ಸಿಗುತ್ತದೆ, ಬಂದದ್ದು ಸರಿಯಾದದ್ದೇ ಹೌದೇ ಎಂದು ನೋಡುವುದೆಲ್ಲ ಅವರ ಪಾಲಿನ ಕೆಲಸ. ಗಾಡಿ ಮತ್ತೆ ರಸ್ತೆಗಿಳಿದಾಗ ಜನ ಬಣ್ಣದ ಹೊಳಪು ನೋಡಿ ಪೇಂಟರನ್ನು ಹೊಗಳುತ್ತಾರೆ, ಮಟ್ಟಸವಾದ ತಗಡನ್ನು ಸವರಿ ಡೆಂಟು ತೆಗೆದವನನ್ನು ಹೊಗಳುತ್ತಾರೆ. ಬಂಪರಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ, ಸರಿಯಾದ ಅಳತೆಯ ಗೂಟವನ್ನು ಸರಿಯಾದ ದಿನಕ್ಕೆ ತರಿಸಿ ಇಟ್ಟವರು ಯಾರೆಂದು ಕೇಳುವವರಿಲ್ಲ.

“ಬಂಪರ್ ಮುರಿದಿದೆ ಅಂತ ಬರ್ತಾರೆ. ಬಂಪರ್ ಅಂದ್ರೆ ಏನು, ಮೂಗು. ಮೂಗಿಗೆ ಏಟು ಬಿದ್ರೆ ಹಿಂದೆ ಹಲ್ಲು ಅಲ್ಲಾಡ್ತಿದ್ಯಾ ಅಂತ ನೋಡ್ಬೇಕೋ ಬೇಡ್ವೋ? ಅದಕ್ಕೇ ಕೈ ಹಾಕೋದು. ಒಂದು ಗೂಟ ಮರೆತ್ರೂ ಗಾಡಿ ಒಂದು ದಿನ ಹೆಚ್ಚಿಗೆ ನಿಲ್ಲುತ್ತೆ. ಗಾಡಿ ನಿಂತ್ರೆ ಯಾರದೋ ಮನೇಲಿ ಏನೋ ನಿಲ್ಲುತ್ತೆ.”

ಬಿಳಿ ವ್ಯಾನಿನ ಮಟ್ಟಿಗೆ ಆ ‘ಯಾರೋ’ ಅಂಗಳದ ಗೇಟಿನ ಹತ್ತಿರವೇ ನಿಂತಿದ್ದಾರೆ. ಊರಾಚೆ ಹಸಿರು ಬಲೆ ಹೊದಿಸಿದ ನರ್ಸರಿ ಇಟ್ಟು, ಮೆಣಸು, ಬದನೆ, ಟೊಮೆಟೊ, ಎಲೆಕೋಸಿನ ಸಸಿ ಬೆಳೆಸಿ ತೋಟಗಳಿಗೆ ಮುಟ್ಟಿಸುವ ಹೆಂಗಸು. ಮಾರುಕಟ್ಟೆಯ ಬದಿಯಲ್ಲಿ ನಿಲ್ಲಿಸಿದ್ದ ವ್ಯಾನಿನ ಮಗ್ಗುಲಿಗೆ, ಹಿಂದಕ್ಕೆ ಬಂದ ಟ್ರ್ಯಾಕ್ಟರಿನ ಟ್ರೇಲರ್ ತನ್ನ ಮೂಲೆಯನ್ನು ತೂರಿಸಿಬಿಟ್ಟಿದೆ. ಪಕ್ಕಕ್ಕೆ ಸರಿಯುವ ಜಾರುಬಾಗಿಲು, ಹಿಂಡಿ ಹಾಕಿದ ಬಟ್ಟೆಯ ಹಾಗೆ ಮುದುಡಿದೆ.

“ಶನಿವಾರ ಬೆಳಿಗ್ಗೆಗೆ ಆಗುತ್ತಾ ಅಕ್ಕಾ?” ನರ್ಸರಿಯಾಕೆ ಕೇಳುತ್ತಾರೆ. “ತೋಟದವರು ಮಡಿ ಹದ ಮಾಡಿಕೊಂಡು ನೀರು ಬಿಟ್ಟು ಕಾಯ್ತಿದ್ದಾರೆ. ಸಸಿ ತಟ್ಟೇಲಿ ಇನ್ನೊಂದು ವಾರ ನಿಂತ್ರೆ ಬೇರು ಸುತ್ತಿಕೊಂಡುಬಿಡುತ್ತೆ, ಕಾಂಡ ದಾರದ ಹಾಗೆ ಉದ್ದ ಆಗುತ್ತೆ. ಆಮೇಲೆ ಬಿಟ್ಟಿ ಕೊಟ್ರೂ ಯಾರೂ ಮುಟ್ಟಲ್ಲ.”

“ಬೇರೆ ಗಾಡಿ?”

“ತಟ್ಟೆ ಜೋಡಿಸೋ ಕಬ್ಬಿಣದ ಹಲಗೆ ಎಲ್ಲಾ ಇದರೊಳಗೇ ಬಿಗಿಸಿದ್ದು. ತೆರೆದ ಗಾಡೀಲಿ ಹಾಕಿದ್ರೆ ಗಾಳಿಗೆ ಎಲೆ ಎಲ್ಲಾ ಹರಿದು ಚಿಂದಿ ಆಗುತ್ತೆ. ಮುಂಗಡ ಬಿತ್ತನೆಗೆ ಅಂತ ಈ ಸಲ ನನ್ನ ಕೈಲಿದ್ದಿದ್ದನ್ನೆಲ್ಲಾ ಸುರಿದಿದ್ದೀನಿ ಅಕ್ಕಾ. ಇದು ಹೋದ್ರೆ ನರ್ಸರಿ ಮುಚ್ಚಬೇಕು, ಅಷ್ಟೇ.”

ಪಾರ್ಟ್ಸಕ್ಕ ಮುದುಡಿದ ಬಾಗಿಲನ್ನೇ ನೋಡುತ್ತಾರೆ. ಅವರಿಗೆ ಆಗುತ್ತದೆ ಎಂದು ಥಟ್ಟನೆ ಹೇಳುವ ಅಭ್ಯಾಸವಿಲ್ಲ. “ಪಾರ್ಟ್ಸ್ ಡಿಪೋದಲ್ಲಿ ಬಾಗಿಲು ಇದ್ರೆ ಆಗುತ್ತೆ. ಇಲ್ಲ ಅಂದ್ರೆ ಇವತ್ತು ಹತ್ತು ಗಂಟೆಯೊಳಗೆ ಹೇಳ್ತೀನಿ. ಆಸೆ ಹುಟ್ಟಿಸಿ ಕೂರಿಸಲ್ಲ.”

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳುತ್ತದೆ. “ಡಿಪೋ ಯಾಕೆ? ಎರಡು ದಿನ ನನ್ನ ಕೈಗೆ ಕೊಡು, ಎತ್ತಿ ನಿಲ್ಲಿಸ್ತೀನಿ.” ಬಂದವರು ಈ ಶೆಡ್ಡಿನ ಡೆಂಟು ತೆಗೆಯುವವರು, ಎಲ್ಲರ ಬಾಯಲ್ಲಿ ಸುತ್ತಿಗೆಯಣ್ಣ. ಪಾರ್ಟ್ಸಕ್ಕನ ಬೆನ್ನಿಗೆ ಹುಟ್ಟಿದ ತಮ್ಮ. ಅಕ್ಕ ಹೊಸ ಭಾಗ ತರಿಸಿದಷ್ಟೂ ಅವರ ಸುತ್ತಿಗೆಗೆ ಕೆಲಸ ಕಮ್ಮಿ. ಅವರು ಬಡಿದು ಉಳಿಸಿದಷ್ಟೂ ಅಕ್ಕನ ಫೋನಿಗೆ ಕೆಲಸ ಕಮ್ಮಿ. ಹೀಗಾಗಿ ಈ ಶೆಡ್ಡಿನಲ್ಲಿ ದಿನ ಬೆಳಗಾಗುವುದೇ ಇವರಿಬ್ಬರ ವಾಗ್ವಾದದಿಂದ.

“ಒಳಗಿನ ಚೌಕಟ್ಟು ಮಡಚಿಕೊಂಡಿದೆ ಕಣೋ. ಮೇಲಿನ ತಗಡು ಎತ್ತಬಹುದು, ಎಲುಬು ಎತ್ತೋಕಾಗುತ್ತಾ?”

“ಎಲುಬು ಕೂಡಿಸೋರು ಇಲ್ವಾ ಊರಲ್ಲಿ? ನಿನ್ನ ಕೇಳಿದ್ರೆ ಕೆಮ್ಮು ಬಂದವರಿಗೂ ಎದೆ ಬದಲಾಯಿಸ್ತೀಯ.”

“ನಿನ್ನ ಕೇಳಿದ್ರೆ ಹೆಣಾನೂ ಬಡಿದು ಎಬ್ಬಿಸ್ತೀಯ! ಬಾಗಿಲು ಹೊಸದೇ. ಮುಗೀತು.”

ಸುತ್ತಿಗೆಯಣ್ಣ ಮುಖ ಊದಿಸಿಕೊಂಡು ಒಳಗೆ ಹೋಗುತ್ತಾರೆ. ಆ ಊದಿದ ಮುಖ ಇಳಿಯಲು ಎರಡು ದಿನವಾದರೂ ಬೇಕು ಎಂಬುದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು.

ಇಬ್ಬರೂ ಹುಟ್ಟಿದ್ದು ಹಳ್ಳಿಯ ಕುಲುಮೆಯ ಮನೆಯಲ್ಲಿ. ಅಪ್ಪ ನೇಗಿಲ ಗುಳ, ಕುಡುಗೋಲು, ಗಾಡಿಯ ಚಕ್ರದ ಪಟ್ಟಿ ಮಾಡುತ್ತಿದ್ದವರು. ಮಗ ಸುತ್ತಿಗೆ ಹಿಡಿದ. ಮಗಳು ತಿದಿ ಒತ್ತುತ್ತಾ ಕೂತಳು. ಗಾಳಿ ಒತ್ತುವ ಕೈಗೆ ಕೆಲಸವೇ ಹೊರತು ಕಣ್ಣಿಗೆ ಕೆಲಸವಿರಲಿಲ್ಲ. ಹಾಗಾಗಿ ಕಣ್ಣು ಇಡೀ ದಿನ ಕುಲುಮೆಯ ಸುತ್ತ ಒರಗಿಸಿಟ್ಟ ಹತ್ಯಾರುಗಳನ್ನು ನೋಡುತ್ತಿತ್ತು. ಯಾವ ಗುಳ ಯಾರ ಮನೆಯದು, ಯಾವುದು ಎಡಕ್ಕೆ ಹೆಚ್ಚು ಸವೆದಿದೆ, ಯಾವುದರ ಯಜಮಾನ ನೇಗಿಲನ್ನು ಓರೆಯಾಗಿ ಒತ್ತುತ್ತಾನೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. “ಅಪ್ಪ ಹದ ಮಾಡಿ ಬಿಸಾಕಿಬಿಡೋರು. ಯಾರದ್ದು ಯಾವುದು ಅಂತ ಅವರಿಗೆ ಮರೆತುಹೋಗೋದು. ನಾನೇ ಎತ್ತಿ ಕೊಡ್ತಿದ್ದೆ. ಒಂದು ಗುಳ ಇನ್ನೊಂದು ನೇಗಿಲಿಗೆ ಕೂರಲ್ಲ ನೋಡಿ. ಕೂರಿಸಿದ್ರೆ ಎತ್ತಿನ ಹೆಗಲು ಕಿತ್ತುಹೋಗುತ್ತೆ.”

ಹಳ್ಳಿಗೆ ಟ್ರ್ಯಾಕ್ಟರುಗಳು ಬಂದ ಮೇಲೆ ಕುಲುಮೆಯ ಬೂದಿ ತಣ್ಣಗಾಯಿತು. ತಮ್ಮ ಮೊದಲು ಈ ಶೆಡ್ಡಿಗೆ ಬಂದರು. ಅಕ್ಕ ಬಂದದ್ದು ಗಂಡನ ಕಾಲು ಗಿರಣಿಯ ಪಟ್ಟಿಗೆ ಸಿಕ್ಕಿ ಹೋದ ಮೇಲೆ, ಕಸ ಗುಡಿಸಲು. ಗುಡಿಸುವಾಗ ಸಿಕ್ಕ ಸ್ಕ್ರೂ, ಗೂಟ, ರಬ್ಬರಿನ ಉಂಗುರಗಳನ್ನು ಎಸೆಯದೆ, ಅವು ಯಾವ ಗಾಡಿಯವು ಎಂದು ನೋಡಿ ಆಯಾ ಗಾಡಿಯ ಸೀಟಿನ ಮೇಲೆ ಇಟ್ಟುಬರುತ್ತಿದ್ದರು. ಮಾಲೀಕರು ಕೆಲವು ದಿನ ಇದನ್ನು ನೋಡಿದರು. ಒಂದು ಬೆಳಿಗ್ಗೆ ಪೊರಕೆ ಕಿತ್ತುಕೊಂಡು ಕೈಗೆ ಫೋನು ಕೊಟ್ಟರು.

“ಮೊದಲ ದಿನ ಫೋನು ಹಿಡಿದಾಗ ಬೆವರು ಇಳಿದುಹೋಯ್ತು. ಆ ಕಡೆಯವನು ಏನಮ್ಮ ಬೇಕು ಅಂದ. ಇಟ್ಟುಬಿಟ್ಟೆ. ಆಮೇಲೆ ನಾನೇ ಮತ್ತೆ ಮಾಡಿ, ಲೈನ್ ಕಟ್ಟಾಯ್ತು ಅಂತ ಸುಳ್ಳು ಹೇಳಿದೆ.” ಈಗ ಅದೇ ಡಿಪೋದವರು ತಮಗೇ ಅನುಮಾನ ಬಂದಾಗ ಇವರಿಗೆ ಫೋನು ಮಾಡುತ್ತಾರೆ.

ಬೆಳಿಗ್ಗೆ ಬೇಗ ಆರ್ಡರು ಹೇಳಿದರೆ ಮಾತ್ರ ಮರುದಿನದ ಗಾಡಿಗೆ ಸಾಮಾನು ಬರುತ್ತದೆ. ಆದ್ದರಿಂದ ಶೆಡ್ಡಿನ ಉಳಿದವರು ಚಹಾ ಕುಡಿಯುವ ಹೊತ್ತಿಗೆ ಪಾರ್ಟ್ಸಕ್ಕ, ಗಾಜಿನ ಕಿಟಕಿಯಿರುವ ತಗಡಿನ ಪುಟ್ಟ ಕೋಣೆಯಲ್ಲಿ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡಿರುತ್ತಾರೆ. ದಿನಕ್ಕೆ ಆರೇಳು ಗಾಡಿ, ಒಂದೊಂದಕ್ಕೂ ಹತ್ತಾರು ಭಾಗ. ಕೋಣೆಯ ಗೋಡೆಗೆ ಒಡೆದ ಕನ್ನಡಿಗಳು, ಹೆಡ್‌ಲೈಟಿನ ಖಾಲಿ ಗೂಡುಗಳು ಒರಗಿವೆ. ಮೇಜಿನ ಮೇಲೆ ಒಂದು ಆಟಿಕೆಯ ಕಾರಿದೆ. ಎಡ ಬಲ ಗೊಂದಲ ಮಾಡುವ ಗಿರಾಕಿಗಳಿಗಾಗಿ ಅದು. ಗಾಡಿಯ ಎದುರು ನಿಂತು ನೋಡಿದವರ ಎಡ, ಗಾಡಿಯ ಬಲ. ಅವರು ಆ ಆಟಿಕೆಯನ್ನು ಗಿರಾಕಿಯ ಅಂಗೈಯಲ್ಲಿಟ್ಟು, “ಈಗ ನೀವು ಒಳಗೆ ಕೂತಿದ್ದೀರಿ ಅಂದ್ಕೊಳ್ಳಿ. ಯಾವ ಕೈ ಕಡೆ ಪೆಟ್ಟು?” ಎಂದು ಕೇಳುತ್ತಾರೆ. ಒಮ್ಮೆ ಭಾರೀ ಮೈಕಟ್ಟಿನ ಲಾರಿಯವರೊಬ್ಬರು, “ಇದರೊಳಗೆ ನಾನು ಹಿಡಿಯಲ್ಲಮ್ಮ,” ಎಂದರಂತೆ.

ಈ ಶೆಡ್ಡಿಗೆ ಅವರು ತಂದ ಕಟ್ಟುಪಾಡು ಒಂದಿದೆ. ಹೊಸ ಭಾಗ ಬಂದ ಕೂಡಲೇ ಅದಕ್ಕೆ ಬಣ್ಣ ಹಚ್ಚುವಂತಿಲ್ಲ. ಮೊದಲು ನೆಲದ ಮೇಲೆ ಕಂಬಳಿ ಹಾಸಿ ಹಳೆಯದರ ಪಕ್ಕ ಮಲಗಿಸಬೇಕು. ರಂಧ್ರಕ್ಕೆ ರಂಧ್ರ, ಬಾಗಿಗೆ ಬಾಗು ನೋಡಬೇಕು. ಬಳಿಕ ಬರಿಮೈಯಲ್ಲೇ ಗಾಡಿಗೆ ತೂಗುಹಾಕಿ ಮುಚ್ಚಿ ತೆರೆದು ಪರೀಕ್ಷಿಸಬೇಕು. ಪಾರ್ಟ್ಸಕ್ಕ “ಕೂತಿತು” ಎನ್ನಬೇಕು. ಆಮೇಲಷ್ಟೇ ಬಣ್ಣದ ಕೋಣೆ. ಬಣ್ಣ ಹಚ್ಚಿದ ಭಾಗವನ್ನು ಡಿಪೋದವರು ವಾಪಸು ತೆಗೆದುಕೊಳ್ಳುವುದಿಲ್ಲ. ಮಾಸ್ಕನ್ನು ಸದಾ ಹಣೆಯ ಮೇಲೆ ಏರಿಸಿಕೊಂಡಿರುವ ಪೇಂಟರು ಇದನ್ನು ಎಷ್ಟು ಪಾಲಿಸುತ್ತಾರೆಂದರೆ, ಮನೆಯಲ್ಲಿ ಹೆಂಡತಿ ಹೊಸ ಕಪಾಟು ತರಿಸಿದಾಗಲೂ “ಕೂತಿತಾ?” ಎಂದು ಕೇಳಿ ಬೈಸಿಕೊಂಡಿದ್ದಾರೆ.

ಆ ವಾರ ಡಿಪೋದಲ್ಲಿ ಜಾರುಬಾಗಿಲು ಇದೆ. ಗಾಡಿಯ ನಂಬರಿಗೆ ಹೊಂದುವ ಬಾಗಿಲು ಬುಧವಾರ ಮಧ್ಯಾಹ್ನ ಶೆಡ್ಡಿಗೆ ಬರುತ್ತದೆ. ಆದರೆ ತೂಗುಹಾಕಿ ನೋಡಲು ವ್ಯಾನು ಬಿಡುವಾಗಿಲ್ಲ. ಟ್ರೇಲರಿನ ಪೆಟ್ಟಿಗೆ ಒಳಗೆ ನುಗ್ಗಿದ ಕೆಳಗಿನ ಅಂಚನ್ನು ಸುತ್ತಿಗೆಯಣ್ಣ ಸರಪಳಿ ಬಿಗಿದು ಹೊರಕ್ಕೆಳೆಯುತ್ತಿದ್ದಾರೆ. ಅದು ಮುಗಿಯುವುದು ಗುರುವಾರ. ಬಣ್ಣದ ಕೋಣೆ ಮಾತ್ರ ಆ ಸಂಜೆ ಖಾಲಿಯಿದೆ. ಆಗಲೇ ಬಣ್ಣ ಹಚ್ಚಿಬಿಟ್ಟರೆ ಪೂರಾ ಒಂದು ದಿನ ಉಳಿಯುತ್ತದೆ. ನರ್ಸರಿಯಾಕೆಯ ಫೋನು ಬೆಳಗಿನಿಂದ ಮೂರು ಸಲ ಬಂದಿದೆ.

ಪಾರ್ಟ್ಸಕ್ಕ ಕಂಬಳಿ ಹಾಸುತ್ತಾರೆ. ಎರಡೂ ಬಾಗಿಲನ್ನು ಪಕ್ಕಪಕ್ಕ ಮಲಗಿಸುತ್ತಾರೆ. ಮೇಲಿನ ರಂಧ್ರ ಹೊಂದುತ್ತದೆ, ನಡುವಿನದೂ ಹೊಂದುತ್ತದೆ. ಹಳೆಯ ಬಾಗಿಲಿನ ಕೆಳಭಾಗ ಮುದ್ದೆಯಾಗಿರುವುದರಿಂದ ಅಲ್ಲಿ ಏನು ಎಲ್ಲಿತ್ತು ಎಂದು ಹೇಳಲಾಗದು. ಅವರು ಎದ್ದು ನಿಂತು ವ್ಯಾನಿನ ಕಡೆ ನೋಡುತ್ತಾರೆ. ಪೇಂಟರು ಬಣ್ಣದ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದಾರೆ.

“ಕೂತಿತಾ ಅಕ್ಕಾ?”

ಪಾರ್ಟ್ಸಕ್ಕ, “ಕೂತಿತು, ತಗೊಂಡು ಹೋಗು,” ಎನ್ನುತ್ತಾರೆ.

ಗುರುವಾರ ಬೆಳಿಗ್ಗೆ ಹಾಲಿನಂತೆ ಹೊಳೆಯುವ ಬಾಗಿಲನ್ನು ಇಬ್ಬರು ಹಿಡಿದು ತಂದು ಕಂಬಿಗೆ ಏರಿಸುತ್ತಾರೆ. ಮೇಲೆ ಸಲೀಸು, ನಡುವೆ ಸಲೀಸು. ಕೆಳಗೆ, ತುದಿಯಲ್ಲಿ ಪುಟ್ಟ ಗಾಲಿಯಿರುವ ಕಬ್ಬಿಣದ ತೋಳೊಂದು ವ್ಯಾನಿನ ಅಂಚಿನ ಕಾಲುವೆಯೊಳಗೆ ಓಡಬೇಕು. ಆ ತೋಳು ಕಾಲುವೆಗಿಂತ ಒಂದು ಹೆಬ್ಬೆರಳಿನಷ್ಟು ಮೇಲೆ ನಿಂತುಬಿಡುತ್ತದೆ. ತಳ್ಳಿದರೂ ಇಲ್ಲ, ಎಳೆದರೂ ಇಲ್ಲ.

ಪಾರ್ಟ್ಸಕ್ಕ ನೆಲಕ್ಕೆ ಒರಗಿ ವ್ಯಾನಿನ ಅಂಚಿನ ಕೆಳಗೆ ಕೈ ಹಾಕುತ್ತಾರೆ. ಬೆರಳು ಓಡುತ್ತಾ ಓಡುತ್ತಾ ಒಂದು ಕಡೆ ನಿಲ್ಲುತ್ತದೆ. ಹಳೆಯ ಬೆಸುಗೆಯ ಗೆರೆ. ಮೇಲೆ ದಪ್ಪಗೆ ಬಣ್ಣ ಬಳಿದು ಮುಚ್ಚಿದ್ದಾರೆ. ಈ ವ್ಯಾನಿಗೆ ಹಿಂದೆಂದೋ ದೊಡ್ಡ ಪೆಟ್ಟಾಗಿದೆ. ಯಾರೋ ಇಡೀ ಮಗ್ಗುಲನ್ನು ಕತ್ತರಿಸಿ ಹಳೆಯ ಮಾದರಿಯ ಇನ್ನೊಂದು ವ್ಯಾನಿನ ಮಗ್ಗುಲನ್ನು ತಂದು ಹೊಲಿದಿದ್ದಾರೆ. ನಂಬರು ಒಂದು ಗಾಡಿಯದು, ಮೈ ಎರಡು ಗಾಡಿಯದು. ನರ್ಸರಿಯಾಕೆ ಅದನ್ನು ಹಾಗೇ ಕೊಂಡಿದ್ದಾರೆ, ಪಾಪ, ತಿಳಿಯದೆ.

“ಇಲ್ಲಿ ಹೊಲಿಗೆ ಇದೆ,” ಪಾರ್ಟ್ಸಕ್ಕನ ದನಿ ನೆಲದಿಂದ ಬರುತ್ತದೆ.

“ಇದೆ. ಮಂಗಳವಾರವೇ ನೋಡಿದೆ,” ಎನ್ನುತ್ತಾರೆ ಸುತ್ತಿಗೆಯಣ್ಣ.

“ನೋಡಿಯೂ ಹೇಳ್ಲಿಲ್ವಾ?”

“ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ. ಎಲ್ಲಾ ಗೊತ್ತಿರುತ್ತಲ್ಲ ನಿನಗೆ.”

“ಬಾಯಿ ಇರೋದು ಯಾಕೋ? ಊದಿಸಿಕೊಳ್ಳೋಕಾ?”

ಪಾರ್ಟ್ಸಕ್ಕ ಎದ್ದು ಕೋಣೆಗೆ ಹೋಗುತ್ತಾರೆ. ಹಳೆಯ ಮಾದರಿಯ ಬಾಗಿಲಿಗಾಗಿ ಗೊತ್ತಿರುವ ಎಲ್ಲ ಕಡೆಗೂ, ಗುಜರಿ ಅಂಗಡಿಗಳಿಗೂ ಫೋನು ಮಾಡುತ್ತಾರೆ. ಸಿಕ್ಕ ಒಂದೇ ಒಂದು ಬಾಗಿಲು ಬರುವುದು ಹತ್ತು ದಿನದ ಮೇಲೆ. ಆಮೇಲೆ ಅವರು ಮಾಡುವ ಫೋನು ನರ್ಸರಿಗೆ. “ತಪ್ಪು ನನ್ನದು. ತೂಗುಹಾಕಿ ನೋಡದೆ ಬಣ್ಣಕ್ಕೆ ಕಳಿಸಿದೆ. ಶನಿವಾರ ಆಗುತ್ತೋ ಇಲ್ವೋ ಈಗ ಹೇಳೋಕೆ ನನ್ನ ಹತ್ರ ಮಾತಿಲ್ಲ.” ಆ ಕಡೆಯಿಂದ ನೀರು ಚಿಮುಕಿಸುವ ಸದ್ದು ಕೇಳುತ್ತದೆ. ಕಡೆಗೆ ನರ್ಸರಿಯಾಕೆ, “ಎಲೆಕೋಸು ಆಗಲೇ ಕತ್ತು ಉದ್ದ ಮಾಡಿದೆ ಅಕ್ಕಾ,” ಎನ್ನುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಪಾರ್ಟ್ಸಕ್ಕ ಆಮೇಲೆ ಹೇಳುತ್ತಾರೆ.

ಅಕ್ಕ ತಮ್ಮ ಇರುವುದು ಒಂದೇ ಮನೆಯ ಮೇಲೆ ಕೆಳಗೆ. ರಾತ್ರಿಯೂಟ ಮಾತ್ರ ಕೆಳಗಿನ ಮನೆಯಲ್ಲಿ, ಒಟ್ಟಿಗೆ. ಕಣ್ಣು ಮಂಜಾಗಿರುವ ಅಮ್ಮ ಬಾಗಿಲ ಪಕ್ಕ ಕುರ್ಚಿ ಹಾಕಿ ಕೂತಿರುತ್ತಾರೆ. “ಚಪ್ಪಲಿ ಜೊತೆ ಜಗಳಾನೂ ಹೊರಗೇ ಬಿಟ್ಟು ಬನ್ನಿ” ಎನ್ನುವುದು ಅವರ ಕಾನೂನು. ಆದ್ದರಿಂದ ಆ ಸಂಜೆ ಇಬ್ಬರೂ ತಟ್ಟೆ ನೋಡುತ್ತಾ ಉಣ್ಣುತ್ತಾರೆ. ಪಾರ್ಟ್ಸಕ್ಕನ ಗಂಡ ಊರುಗೋಲನ್ನು ಗೋಡೆಗೆ ಒರಗಿಸಿ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಾರೆ.

“ಏನಿದು, ಸತ್ತ ಮನೆ ಊಟದ ಹಾಗಿದೆ!” ಅಮ್ಮನಿಗೆ ತಡೆಯಲಾಗುವುದಿಲ್ಲ. “ಹೋಗ್ಲಿ, ಇವತ್ತೊಂದಿನ ಜಗಳ ಒಳಗೇ ತಗೊಂಡು ಬನ್ನಿ. ಈ ಮೌನ ನನ್ನ ಗಂಟಲಲ್ಲಿ ಇಳೀತಿಲ್ಲ.”

ಸುತ್ತಿಗೆಯಣ್ಣ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ. “ಹಳೆ ಬಾಗಿಲನ್ನ ಸಾಯಂಕಾಲ ಬಿಚ್ಚಿ ನೋಡಿದೆ. ನೀನು ಹೇಳಿದ್ದೇ ಸರಿ. ಅದು ಹೋಗಿದೆ. ಎತ್ತೋಕಾಗಲ್ಲ.”

“ಅದನ್ನ ಮಂಗಳವಾರವೇ ಹೇಳಿದ್ದೆ.”

“ಹೇಳಿದ್ದೆ, ಹೇಳಿದ್ದೆ. ಕೇಳು. ಕೆಳಗಿನ ತೋಳು ಬಿಗಿಸೋ ತಟ್ಟೆ ಇದೆಯಲ್ಲ, ಒಳಗಡೆ ಅಂಗೈಯಗಲದ್ದು, ಅದು ಮಾತ್ರ ನೆಟ್ಟಗಿದೆ. ಅದನ್ನ ಕತ್ತರಿಸಿ ಹೊಸ ಬಾಗಿಲ ಒಳಗೆ ಕೆಳಕ್ಕೆ ಬೆಸೀತೀನಿ. ಎಲ್ಲಿಗೆ ಬರಬೇಕು ಅಂತ ನೀನು ಗುರುತು ಹಾಕಿಕೊಡು.”

ಪಾರ್ಟ್ಸಕ್ಕ ಬೇಡವೆಂದು ತಲೆಯಾಡಿಸುತ್ತಾರೆ. “ಎರಡು ಗಾಡಿ ಸೇರಿಸಿ ಒಂದು ಮಾಡಿದ್ದಕ್ಕೇ ಈ ಗತಿ. ನಾವು ಇನ್ನೊಂದು ಸೇರಿಸೋದಾ? ನಾಳೆ ಇನ್ಯಾವಳೋ ಇದನ್ನ ಬಿಚ್ತಾಳೆ, ನಂಬರ್ ನೋಡ್ತಾಳೆ, ನನ್ನ ಹಾಗೇ ಮೋಸ ಹೋಗ್ತಾಳೆ.”

“ಹಾಗಾದ್ರೆ ಸಸಿ ಒಣಗಲಿ ಬಿಡು.”

ಅಕ್ಕನಿಗೆ ಈ ಮಾತು ನಾಟುತ್ತದೆ. ಏಳುತ್ತಾ, “ಬೆಳಿಗ್ಗೆ ಬೇಗ ಬಾ,” ಎಂದಷ್ಟೇ ಹೇಳಿ ಕೈ ತೊಳೆಯಲು ಹೋಗುತ್ತಾರೆ. ಅಮ್ಮ ಸಮಾಧಾನದಿಂದ ಇನ್ನೊಂದು ತುತ್ತು ಬಾಯಿಗಿಡುತ್ತಾರೆ.

ಶುಕ್ರವಾರ ಇಡೀ ದಿನ ಆ ಬಾಗಿಲಿನದೇ. ಪಾರ್ಟ್ಸಕ್ಕ ವ್ಯಾನಿನ ಕಾಲುವೆಯಿಂದ ದಾರ ಹಿಡಿದು ಎತ್ತರ ಅಳೆಯುತ್ತಾರೆ, ಬಾಗಿಲಿನ ಒಳಮೈಯಲ್ಲಿ ಮೊಳೆಯ ತುದಿಯಿಂದ ಗೀರು ಹಾಕುತ್ತಾರೆ, ಅಳಿಸುತ್ತಾರೆ, ಮತ್ತೆ ಹಾಕುತ್ತಾರೆ. ಮೊದಲು ಎರಡು ಚುಕ್ಕಿ ಬೆಸುಗೆ ಮಾತ್ರ. ತೂಗುಹಾಕಿ ನೋಡಿದ ಮೇಲೆ ಪೂರ್ತಿ. ಒಮ್ಮೆ ಕೂದಲೆಳೆಯಷ್ಟು ಓರೆ ಬರುತ್ತದೆ. ಸುತ್ತಿಗೆಯಣ್ಣ ನಡೆಯುತ್ತದೆ ಎನ್ನುತ್ತಾರೆ. ಅಕ್ಕ ಕೈಕಟ್ಟಿ ನಿಲ್ಲುತ್ತಾರೆ. ತಮ್ಮ ಗೊಣಗಿಕೊಂಡು ಬೆಸುಗೆ ಕಿತ್ತು ಮತ್ತೆ ಹಚ್ಚುತ್ತಾರೆ. ಹೊರಗಿನ ಬಣ್ಣ ಬಿಸಿಗೆ ಗುಳ್ಳೆ ಏಳದಿರಲೆಂದು ಪೇಂಟರು ಪಕ್ಕದಲ್ಲಿ ಒದ್ದೆ ಬಟ್ಟೆ ಒತ್ತಿ ಹಿಡಿದು ನಿಂತಿದ್ದಾರೆ. “ನನ್ನ ಮಗಳ ಮದುವೇಲೂ ನಾನು ಇಷ್ಟು ಬೆವರಿಲ್ಲ,” ಎನ್ನುತ್ತಾರೆ. ಅಷ್ಟು ಜಾಗ್ರತೆ ಮಾಡಿದರೂ ಅಂಗೈಯಷ್ಟು ಜಾಗದಲ್ಲಿ ಬಣ್ಣ ಕಂದುತ್ತದೆ. ಪೇಂಟರು ಯಾರನ್ನೂ ಬೈಯದೆ ಉಜ್ಜಿ ಮತ್ತೆ ಹಚ್ಚುತ್ತಾರೆ.

ಸಂಜೆ ನರ್ಸರಿಯಾಕೆ ಬರುತ್ತಾರೆ. ಎಲೆಕೋಸಿನ ಸಸಿಗಳನ್ನು ಪಕ್ಕದವರ ಆಡುಗಳಿಗೆ ಹಾಕಿದ್ದಾಯಿತಂತೆ. ಮೆಣಸು, ಬದನೆ, ಟೊಮೆಟೊ ಇನ್ನೂ ತಡೆದುಕೊಂಡಿವೆ, ನಾಳೆ ಒಂದು ದಿನ ಮಾತ್ರ. ಪಾರ್ಟ್ಸಕ್ಕ ಮತ್ತೆ, “ತಪ್ಪು ನನ್ನದೇ,” ಎನ್ನುತ್ತಾರೆ. ವ್ಯಾನಿನ ಅಡಿಯಿಂದ ಎರಡು ಕಾಲಷ್ಟೇ ಕಾಣುತ್ತಿರುವ ಸುತ್ತಿಗೆಯಣ್ಣ ಅಲ್ಲಿಂದಲೇ ಕೂಗುತ್ತಾರೆ: “ಅರ್ಧ ನನ್ನದು. ಎಲ್ಲಾ ಇವಳೊಬ್ಬಳೇ ತಗೊಳ್ಳೋದು ಬೇಡ.”

ಶನಿವಾರ ಬೆಳಕು ಹರಿಯುವಾಗ ಬಾಗಿಲು ಕಂಬಿಯ ಮೇಲಿದೆ. ಪಾರ್ಟ್ಸಕ್ಕ ಅದನ್ನು ಒಂದೇ ಬೆರಳಿನಿಂದ ತಳ್ಳುತ್ತಾರೆ. ಅದು ಸದ್ದಿಲ್ಲದೆ ಸರಿದು, ಕೊನೆಯಲ್ಲಿ ಗಟ್ಟಿ ಮಡಕೆಯ ಮೇಲೆ ಬೆರಳು ತಟ್ಟಿದಂಥ ಒಂದು ಸದ್ದು ಮಾಡಿ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆದು ಮುಚ್ಚುತ್ತಾರೆ. ಈ ಸಲ ಬೆನ್ನು ತಿರುಗಿಸಿ ನಿಂತು, ಬರೀ ಕಿವಿಯಿಂದ.

“ಕೂತಿತು,” ಎನ್ನುತ್ತಾರೆ. ಪೇಂಟರು ತಮ್ಮ ಹಣೆಯ ಮೇಲಿನ ಮಾಸ್ಕು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ.

ಒಳಗಿನ ಹೊದಿಕೆಯೊಂದು ಬಾಕಿಯಿದೆ. ಅದನ್ನು ಒತ್ತಿ ಕೂರಿಸುವ ಮುನ್ನ ಪಾರ್ಟ್ಸಕ್ಕ ಕೋಣೆಯಿಂದ ಬಿಳಿ ಬಣ್ಣದ ಪೆನ್ನು ತರುತ್ತಾರೆ. ಬಾಗಿಲಿನ ಒಳಮೈಯ ಕಪ್ಪು ತಗಡಿನ ಮೇಲೆ, ನಿಧಾನವಾಗಿ, ದಪ್ಪ ಅಕ್ಷರಗಳಲ್ಲಿ ಬರೆಯುತ್ತಾರೆ: ‘ಎಚ್ಚರ. ಈ ಮಗ್ಗುಲು ಹಳೆ ಮಾದರಿ. ನಂಬರ್ ನಂಬಬೇಡಿ. ಕೆಳಗಿನ ತಟ್ಟೆ ಹಳೆ ಬಾಗಿಲಿನದು. ಮೊದಲು ತೂಗುಹಾಕಿ, ಆಮೇಲೆ ಬಣ್ಣ.’ ಒಂದು ಗಳಿಗೆ ಯೋಚಿಸಿ ಕೆಳಗೆ ಇನ್ನೊಂದು ಮಾತು ಸೇರಿಸುತ್ತಾರೆ: ‘ಅವಸರ ಬೇಡ.’

“ಅಲ್ಲಿ ಯಾರು ಓದ್ತಾರೆ ಅಕ್ಕಾ?” ನರ್ಸರಿಯಾಕೆ ಇಣುಕುತ್ತಾರೆ.

“ನಿಮ್ಮ ಗಾಡಿ ಮುಂದೆ ಯಾವ ಊರಿಗೆ ಹೋಗುತ್ತೋ, ಯಾರ ಕೈ ಸೇರುತ್ತೋ. ಇನ್ನೊಂದ್ಸಲ ಪೆಟ್ಟು ಬಿದ್ರೆ ನನ್ನಂಥವಳೊಬ್ಬಳು ಬಿಚ್ತಾಳಲ್ಲ, ಅವಳಿಗೆ.” ಹೊದಿಕೆಯನ್ನು ಮೇಲಿಟ್ಟು, ಅಂಗೈಯಿಂದ ಗುದ್ದುತ್ತಾ ಒಂದೊಂದೇ ಗೂಟ ಕೂರಿಸುತ್ತಾರೆ. ಅಕ್ಷರಗಳು ಮರೆಯಾಗುತ್ತವೆ.

ವ್ಯಾನು ಗೇಟು ದಾಟುತ್ತದೆ. ಪಾರ್ಟ್ಸಕ್ಕ ಕೋಣೆಗೆ ಹೋಗಿ ಅಂದಿನ ಗಾಡಿಗಳ ಆರ್ಡರು ಹೇಳಲು ಕೂರುತ್ತಾರೆ. ಕಣ್ಣು ಮಾತ್ರ ಆಗಾಗ ಮೇಜಿನ ಮೇಲಿನ ಇನ್ನೊಂದು ಫೋನಿನ ಕಡೆ ಹೋಗುತ್ತದೆ. ಅದು ಹೊಡೆದುಕೊಳ್ಳುವಾಗ ಬಿಸಿಲು ಅಂಗಳದ ನಡುವಿಗೆ ಬಂದಿದೆ. ಟೊಮೆಟೊ ಇಳಿದಿದೆ, ಬದನೆ ಇಳಿದಿದೆ, ಮೆಣಸಿನ ಕೊನೆಯ ತಟ್ಟೆಯನ್ನೂ ತೋಟದವರು ಈಗ ತಾನೇ ಇಳಿಸಿಕೊಂಡರಂತೆ. ನರ್ಸರಿ ಈ ಸಲಕ್ಕೆ ಉಳಿಯಿತು. “ಹೌದಾ,” ಎಂದು ಪಾರ್ಟ್ಸಕ್ಕ ಫೋನು ಇಡುತ್ತಾರೆ. ಕಿಟಕಿಯಾಚೆ ಕಾದಿದ್ದ ತಮ್ಮನಿಗೆ ಕೈಸನ್ನೆಯಲ್ಲೇ ಹೇಳುತ್ತಾರೆ. ಅವರು ತಲೆಯಾಡಿಸಿ ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಮರುಗಳಿಗೆಯಲ್ಲಿ ಒಂದು ಬಾನೆಟ್ಟಿನ ಬಗ್ಗೆ ಇಬ್ಬರ ವಾಗ್ವಾದ ಶುರುವಾಗಿದೆ.

ಆ ಗಲಾಟೆಯ ನಡುವೆ ಪೇಂಟರು ಚಹಾದ ಲೋಟ ಹಿಡಿದು ಕಿಟಕಿಗೆ ಬರುತ್ತಾರೆ. “ಅಲ್ಲಾ ಅಕ್ಕಾ, ಅಷ್ಟು ದುಂಡಗೆ ಬರೆದು ಮುಚ್ಚಿಬಿಟ್ರಲ್ಲ. ಯಾರಾದ್ರೂ ಓದ್ಬೇಕು ಅಂತ ಅನ್ಸಲ್ವಾ ನಿಮಗೆ?”

ಪಾರ್ಟ್ಸಕ್ಕ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯುತ್ತಾರೆ.

“ಯಾರೂ ಓದೋ ಹಾಗೆ ಆಗ್ದೇ ಇರ್ಲಿ ಕಣಪ್ಪ. ಅಷ್ಟೇ ನನ್ನಾಸೆ.”